1375ರ ಪೀಕ್ ಒಂದನ್ನೇ ನಂಬಿದರೆ ಆಗದು

ಕೆಂಪು ರಕ್ತಕಣಗಳ ರೆಡಾಕ್ಸ್ ಸ್ಥಿತಿಯನ್ನು, ಅಂದರೆ ಅಲ್ಲಿ ಎಷ್ಟು ಆಕ್ಸಿಡೈಸ್ ಆಗಿದೆ (ಎಲೆಕ್ಟ್ರಾನ್ ಕಳೆದುಕೊಂಡಿದೆ) ಎಂಬುದನ್ನು, ರಾಮನ್ ಸ್ಪೆಕ್ಟ್ರೋಮೀಟರ್‌ನಲ್ಲಿ ನೋಡುವುದು ನನ್ನ ಕೆಲಸ. ಲೇಸರ್ ಬಿಟ್ಟಾಗ ಚದುರಿ ಬರುವ ಬೆಳಕು ಎಷ್ಟು ಸರಿದಿದೆ ಎಂದು ಈ ಯಂತ್ರ ಅಳೆಯುತ್ತದೆ; ಮುಂದೆ ಬರುವ ಪೀಕ್‌ಗಳ ಅಂಕಿಗಳೆಲ್ಲ ಆ ಸರಿತವೇ, cm⁻¹ ಲೆಕ್ಕದಲ್ಲಿ. ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರು ಓದಿಕೊಂಡು ಬರುವುದು 1375ರ ಪೀಕ್ ಬಗ್ಗೆ. ಹೀಮ್‌ನ (ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಇರುವ ಭಾಗ) ಕಬ್ಬಿಣ ಫೆರಸ್ ಆಗಿದ್ದರೆ ಪೀಕ್ 1355ರ ಸುಮಾರಿಗೆ, ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆದರೆ 1375ರ ಸುಮಾರಿಗೆ. ಎರಡರ ಅನುಪಾತ ತೆಗೆದರೆ ರೆಡಾಕ್ಸ್ ಬ್ಯಾಲೆನ್ಸ್ ಸಿಕ್ಕಿತಲ್ಲ ಸಾರ್, ಅನ್ನುತ್ತಾರೆ. ಸಿಗುವುದಿಲ್ಲ.

ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕೂಡ 1375ರ ಹತ್ತಿರವೇ ಬರುತ್ತದೆ. ಆಮ್ಲಜನಕ ಬಂದು ಕೂತಾಗ ಕಬ್ಬಿಣದ ಎಲೆಕ್ಟ್ರಾನ್ ಅದರ ಕಡೆ ವಾಲುವುದರಿಂದ, ಸುತ್ತಲಿನ ಪೋರ್ಫೈರಿನ್ ಉಂಗುರಕ್ಕೆ ಅದು ಫೆರಿಕ್‌ನಂತೆಯೇ ಅನಿಸುತ್ತದೆ. ನಿಜವಾಗಿ ಆಕ್ಸಿಡೈಸ್ ಆಗಿ ಆಮ್ಲಜನಕ ಹಿಡಿಯಲಾರದ ಮೆಟ್‌ಹಿಮೋಗ್ಲೋಬಿನ್ ಪೀಕೂ ಅಲ್ಲೇ. ಚೆನ್ನಾಗಿರುವ ರಕ್ತವೂ ಕೆಟ್ಟ ರಕ್ತವೂ ಆ ಒಂದು ಜಾಗದಲ್ಲಿ ಒಂದೇ ಥರ ಕಾಣುತ್ತವೆ.

ಅದಕ್ಕೇ ನಾನು ಕಣ್ಣಿಡುವುದು 1500ರಿಂದ 1650ರ ನಡುವೆ. 532 ನ್ಯಾನೊಮೀಟರಿನ ಹಸಿರು ಲೇಸರಿನಲ್ಲಿ ಆಮ್ಲಜನಕವಿರುವ ಕಣ 1640 ಮತ್ತು 1585ರಲ್ಲಿ ಎದ್ದು ಕಾಣುತ್ತದೆ. ಆಮ್ಲಜನಕ ಬಿಟ್ಟದ್ದು 1605ಕ್ಕೆ ಸರಿಯುತ್ತದೆ. 1640 ಇಳಿದಿದೆ, ಆದರೆ 1355 ಎದ್ದಿಲ್ಲ ಅಂದರೆ ಮೆಟ್ ಇದೆ ಎಂದು ಅನುಮಾನ ಪಡುತ್ತೇನೆ. ಕಬ್ಬಿಣ ಮತ್ತು ಆಮ್ಲಜನಕದ ಬಂಧದ್ದೇ ಆದ 567ರ ಸಣ್ಣ ಪೀಕೂ ಕುಗ್ಗಿದ್ದರೆ ಅನುಮಾನ ಗಟ್ಟಿ. ಹೋಲಿಕೆಗೆ ಅದೇ ರಕ್ತವನ್ನು ಮೂರು ಪಾಲು ಮಾಡಿಟ್ಟಿರುತ್ತೇನೆ: ಒಂದಕ್ಕೆ ಬರೀ ಗಾಳಿ, ಒಂದಕ್ಕೆ ಆಮ್ಲಜನಕ ತೆಗೆಯುವ ಸೋಡಿಯಂ ಡೈಥಯೊನೈಟ್, ಒಂದಕ್ಕೆ ಮೆಟ್ ಮಾಡುವ ಸೋಡಿಯಂ ನೈಟ್ರೈಟ್. ನೈಟ್ರೈಟ್ ಹಾಕಿದ ಟ್ಯೂಬು ನೋಡನೋಡುತ್ತಲೇ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಮಾಮೂಲಿ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 630 ನ್ಯಾನೊಮೀಟರಿಗೆ ಅದರ ಹೀರಿಕೆ ನೋಡಿ ತಾಳೆ ಹಾಕಿಕೊಳ್ಳುತ್ತೇನೆ.

ಇದೆಲ್ಲಕ್ಕಿಂತ ತಲೆನೋವು ಲೇಸರಿನದೇ. ಹೀಮ್ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಸಿಗ್ನಲ್ ಬಲವಾಗಿ ಬರುವುದು ಅದರಿಂದಲೇ, ಕಣ ಸುಡುವುದೂ ಅದರಿಂದಲೇ. ಅಳೆಯಲು ಹೊರಟ ಆಕ್ಸಿಡೇಶನ್ನನ್ನು ನಾವೇ ಉಂಟುಮಾಡಿಬಿಡುತ್ತೇವೆ. ಸಾಫ್ಟ್‌ವೇರ್ ತೋರಿಸುವ ಲೇಸರ್ ಪವರಿನ ಪರ್ಸೆಂಟೇಜನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆಬ್ಜೆಕ್ಟಿವ್ ತುದಿಯಲ್ಲಿ ಪವರ್ ಮೀಟರ್ ಹಿಡಿದು, 1 ಮಿಲಿವ್ಯಾಟಿಗಿಂತ ಸಾಕಷ್ಟು ಕೆಳಗೆ ಇಳಿಸುತ್ತೇನೆ. ಆಮೇಲೆ ಒಂದೇ ಕಣದ ಮೇಲೆ ಸಾಲಾಗಿ ಸ್ಪೆಕ್ಟ್ರಮ್ ತೆಗೆಯುತ್ತೇನೆ. ಮೊದಲನೆಯದಕ್ಕೂ ಕೊನೆಯದಕ್ಕೂ 1640 ಇಳಿದಿದ್ದರೆ ಆ ಪವರ್ ಬೇಡ, ಇನ್ನೂ ಕಡಿಮೆ ಮಾಡಬೇಕು. ಹೀಗೆ ಪವರ್ ಗೊತ್ತುಮಾಡಿಕೊಳ್ಳದೆ ರೋಗಿಯ ಸ್ಯಾಂಪಲ್ ಮುಟ್ಟುವುದಿಲ್ಲ. ಗಾಜಿನ ಸ್ಲೈಡ್ ಬದಲು ಕ್ಯಾಲ್ಸಿಯಂ ಫ್ಲೋರೈಡ್ ಬಳಸುತ್ತೇನೆ, ದುಬಾರಿಯಾದರೂ ಹಿನ್ನೆಲೆ ಶುಭ್ರ. ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ತಿಳಿಯಲು ಬೆಳಿಗ್ಗೆ ಸಿಲಿಕಾನ್ ಪೀಕ್ 520.5ರಲ್ಲಿ ಬಂತೋ ಇಲ್ಲವೋ ನೋಡುವುದಂತೂ ಇದ್ದೇ ಇದೆ.

ಆರೋಗ್ಯವಂತರಲ್ಲಿ ಮೆಟ್ ಸುಮಾರು 1%ರಷ್ಟೇ ಇರುತ್ತದೆ. ದಿನಕ್ಕೆ ಹಿಮೋಗ್ಲೋಬಿನ್ನಿನ 3%ರಷ್ಟು ತಾನಾಗಿಯೇ ಆಕ್ಸಿಡೈಸ್ ಆಗುತ್ತಿದ್ದರೂ ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ ಅದನ್ನು ಹಿಂದಕ್ಕೆ ತರುತ್ತಿರುತ್ತದೆ. ಅಷ್ಟು ಚಿಕ್ಕ ಪ್ರಮಾಣದ ಏರಿಳಿತ ನನ್ನ ಸೆಟಪ್ಪಿಗೆ ನಿಲುಕದು.

ಇನ್ನು ಡಾಕ್ಟರುಗಳು ರೆಡಾಕ್ಸ್ ಬ್ಯಾಲೆನ್ಸ್ ಅಂದಾಗ ಅವರ ಮನಸ್ಸಿನಲ್ಲಿರುವುದು ಬಹಳ ಸಲ ಗ್ಲುಟಾಥಯೋನ್, ಅಂದರೆ ಕಣವನ್ನು ಆಕ್ಸಿಡೇಶನ್ನಿನಿಂದ ಕಾಯುವ ಗಂಧಕವುಳ್ಳ ಸಣ್ಣ ಅಣು. ಅದರ ಗಂಧಕ-ಹೈಡ್ರೋಜನ್ ಬಂಧದ ಪೀಕ್ 2580ರ ಹತ್ತಿರ ಬರಬೇಕು, ಆದರೆ ಇಡೀ ರಕ್ತದಲ್ಲಿ ಹೀಮ್‌ನ ಅಬ್ಬರದ ಮುಂದೆ ಅದು ಕಾಣುವುದೇ ಇಲ್ಲ. ಕಣ ಒಡೆದು, ಆಮ್ಲದಿಂದ ಪ್ರೋಟೀನ್ ಕೆಳಗಿಳಿಸಿ, ಮತ್ತೆ ತಟಸ್ಥಗೊಳಿಸಿ, ಆ ಗಂಧಕ-ಹೈಡ್ರೋಜನ್ ಗುಂಪಿನ ಜೊತೆ ಪ್ರತಿಕ್ರಿಯಿಸುವ ಎಲ್ಮನ್ ರಿಯೇಜೆಂಟ್ ಜೊತೆ ಬೆಳ್ಳಿಯ ನ್ಯಾನೊಕಣಗಳ ಮೇಲೆ ನೋಡಿದರೆ 1330ರ ಆಸುಪಾಸಿನಲ್ಲಿ ಪೀಕ್ ಸಿಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಅದನ್ನು ರಕ್ತದಲ್ಲಿ ನೇರವಾಗಿ ಅಳೆಯುವ ಸೆನ್ಸರ್ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಅದು ಲ್ಯಾಬ್ ಟೆಸ್ಟ್, ಕೊನೆಗೆ ಓದುವುದು ಮಾತ್ರ ರಾಮನ್‌ನಲ್ಲಿ.