ಉತ್ತೇಜಕ ಮಾದಕದ ಸಾವು: ಮೊದಲು ಥರ್ಮಾಮೀಟರ್, ಆಮೇಲೆ ಲ್ಯಾಬ್

ಕೊಕೇನ್, ಮೆಥಾಂಫೆಟಮೈನ್, ಎಂಡಿಎಂಎ (ಎಕ್ಸ್‌ಟಸಿ) ತರಹದ ಉತ್ತೇಜಕಗಳು ಮೈಶಾಖವನ್ನು ವಿಪರೀತ ಏರಿಸಬಲ್ಲವು. ಅವುಗಳಿಂದ ಸಾವಾಗಿರಬಹುದು ಎನ್ನಿಸಿದರೆ, ಎಲ್ಲಕ್ಕಿಂತ ಮೊದಲು ಕೈತಪ್ಪುವ ಸಾಕ್ಷ್ಯ ಆ ಮೈಶಾಖವೇ. ಹೆಣ ಶವಾಗಾರದ ಫ್ರೀಜರ್ ಸೇರಿದರೆ ಮುಗಿಯಿತು. ಹಾಗಾಗಿ ಶವ ಪಂಚನಾಮೆಯ ಹೊತ್ತಿಗೇ ಗುದದ ಉಷ್ಣತೆ, ಕೋಣೆಯ ಉಷ್ಣತೆ, ಅಳೆದ ಸಮಯ ಮೂರನ್ನೂ ಬರೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಸಾಲದು. ಉದ್ದ ಕಾಂಡದ್ದು ಬೇಕು, 8–10 ಸೆಂ.ಮೀ. ಒಳಗೆ ಹೋಗಬೇಕು. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರೆ ಮೊದಲು ಸ್ವ್ಯಾಬ್ ತೆಗೆದುಕೊಳ್ಳಿ. ಒದ್ದೆ ಟವೆಲ್, ಕರಗಿದ ಐಸ್, ಕಿತ್ತೆಸೆದ ಬಟ್ಟೆ ಕಂಡರೆ ಮಹಜರಿನಲ್ಲಿ ದಾಖಲಿಸಿ. ಸಾಯುವ ಮೊದಲು ಮೈ ಸುಡುತ್ತಿತ್ತು ಎಂಬುದಕ್ಕೆ ಅವೇ ಸುಳಿವು.

ಮಾದಕದ ಪೊಟ್ಟಣ ನುಂಗಿ ಸಾಗಿಸುತ್ತಿದ್ದವರೆಂಬ ಅನುಮಾನವಿದ್ದರೆ ಕತ್ತರಿಸುವ ಮೊದಲೇ ಎಕ್ಸ್‌ರೇ ಅಥವಾ ಸಿಟಿ ಆಗಲಿ. ಸಿಕ್ಕ ಪೊಟ್ಟಣಗಳನ್ನು ಎಣಿಸಿ, ಒಡೆದದ್ದು ಯಾವುದು, ಕರುಳಿನ ಯಾವ ಭಾಗದಲ್ಲಿತ್ತು ಎಂದು ಬರೆದಿಡಿ.

ರಕ್ತವನ್ನು ತೊಡೆಯ ಫೀಮೊರಲ್ ಅಭಿಧಮನಿಯಿಂದಲೇ ತೆಗೆಯಿರಿ. ಹೊಟ್ಟೆಯ ಕಡೆಗೆ ದಾರ ಕಟ್ಟಿ, ಅದರ ಕೆಳಗೆ ಸೂಜಿ ಹಾಕಬೇಕು. ಸತ್ತ ಮೇಲೆ ಶ್ವಾಸಕೋಶ, ಯಕೃತ್ತುಗಳಿಂದ ಔಷಧ ಹೃದಯದ ರಕ್ತಕ್ಕೆ ಸೋರುತ್ತದೆ. ಅಲ್ಲಿನ ಮೆಥಾಂಫೆಟಮೈನ್ ಪ್ರಮಾಣ ಸುಳ್ಳೇ ಏರಿರುತ್ತದೆ. 10 ಮಿ.ಲೀ. ರಕ್ತಕ್ಕೆ 100 ಮಿ.ಗ್ರಾಂ ಸೋಡಿಯಂ ಫ್ಲೋರೈಡ್, 30 ಮಿ.ಗ್ರಾಂ ಪೊಟಾಸಿಯಂ ಆಕ್ಸಲೇಟ್ ಸೇರಿಸಿ ಫ್ರಿಜ್‌ನಲ್ಲಿಡಿ. ಫ್ಲೋರೈಡ್ ಇಲ್ಲದಿದ್ದರೆ ರಕ್ತದಲ್ಲಿನ ಕಿಣ್ವವೇ ಸೀಸೆಯೊಳಗೆ ಕೊಕೇನನ್ನು ಒಡೆಯುತ್ತ ಹೋಗುತ್ತದೆ. ಉಪ್ಪುನೀರಿನಲ್ಲಿಟ್ಟ ವಿಸೆರಾ (ಒಳಾಂಗಗಳ ತುಣುಕು) ಬಾಟಲಿ ಮಾತ್ರ ಕಳಿಸಿ ಕೈತೊಳೆದುಕೊಳ್ಳುವ ಅಭ್ಯಾಸ ಬಿಡಲೇಬೇಕು. ಅದರಿಂದ ಮಾದಕ ಇತ್ತು ಎನ್ನಬಹುದೇ ಹೊರತು ರಕ್ತದಲ್ಲಿ ಎಷ್ಟಿತ್ತು ಎನ್ನಲಾಗದು.

ಎಂಡಿಎಂಎ ಸೇವಿಸಿದವರು ವಿಪರೀತ ನೀರು ಕುಡಿದು ಸೋಡಿಯಂ ಕುಸಿದು ಸಾಯುವುದುಂಟು. ಅದನ್ನು ಹಿಡಿಯಲು ಕಣ್ಣಿನ ವಿಟ್ರಿಯಸ್ ದ್ರವ ಬೇಕು. ಆದರೆ ಎಲೆಕ್ಟ್ರೊಲೈಟ್ (ಸೋಡಿಯಂ, ಪೊಟಾಸಿಯಂನಂಥ ಲವಣ) ಪರೀಕ್ಷೆಯ ಪಾಲನ್ನು ಏನೂ ಬೆರೆಸದ ಟ್ಯೂಬಿಗೆ ಹಾಕಿ. ಫ್ಲೋರೈಡ್ ಟ್ಯೂಬಿನಲ್ಲಿರುವುದೂ ಸೋಡಿಯಂ ಲವಣವೇ ತಾನೆ! ಸೋಡಿಯಂ ಕಡಿಮೆ, ಪೊಟಾಸಿಯಂ ಲೀಟರಿಗೆ 20 ಮಿಲಿಮೋಲ್ ದಾಟಿದೆ ಎಂದರೆ ಅದು ಕೊಳೆತದ ಲಕ್ಷಣ.

ಹೃದಯ ತೂಗಿ, ಕರೋನರಿಗಳನ್ನು (ಹೃದಯಕ್ಕೆ ರಕ್ತ ಒಯ್ಯುವ ನಾಳಗಳನ್ನು) 3 ಮಿ.ಮೀ. ಅಂತರದಲ್ಲಿ ಅಡ್ಡ ಕತ್ತರಿಸಿ. ಹೃದಯಸ್ನಾಯು, ಮೂತ್ರಪಿಂಡದ ತುಣುಕುಗಳು ಫಾರ್ಮಲಿನ್‌ಗೆ ಹೋಗಲಿ: ಸ್ನಾಯು ಕರಗಿದ್ದರೆ ಮೂತ್ರಪಿಂಡದ ನಾಳಗಳಲ್ಲಿ ಮಯೋಗ್ಲೋಬಿನ್ ಎಂಬ ಸ್ನಾಯುವಿನ ಪ್ರೋಟೀನ್ ಸಿಗುತ್ತದೆ. ಮಿದುಳಿನಲ್ಲಿ ರಕ್ತಸ್ರಾವವಿದ್ದರೆ ಅನ್ಯೂರಿಸಂ (ರಕ್ತನಾಳದ ಉಬ್ಬು) ಹುಡುಕಿ. ಯಾರಾದರೂ ಹಿಡಿದು ಅದುಮಿದ್ದರು ಎಂಬ ಮಾತಿದ್ದರೆ ಕುತ್ತಿಗೆ, ಬೆನ್ನಿನ ಪದರಗಳನ್ನೂ ಬಿಡಿಸಿ ನೋಡಿ.

ಮೂತ್ರದ ಸ್ಟ್ರಿಪ್ ಪರೀಕ್ಷೆಯನ್ನು ನಂಬಿ ಅಭಿಪ್ರಾಯ ಬರೆಯಬೇಡಿ. ನೆಗಡಿ ಮಾತ್ರೆಯ ಸ್ಯೂಡೋಎಫೆಡ್ರಿನ್, ಬಿ.ಪಿ.ಯ ಲೇಬೆಟಲಾಲ್‌ಗೂ ಅದು ಆಂಫೆಟಮೈನ್ ಎಂದೀತು. ವಸ್ತುವನ್ನು ಖಚಿತವಾಗಿ ಗುರುತಿಸುವ ಲ್ಯಾಬ್ ಪರೀಕ್ಷೆಗಳಾದ ಜಿಸಿ–ಎಂಎಸ್ ಅಥವಾ ಎಲ್‌ಸಿ–ಎಂಎಸ್‌ನ ದೃಢೀಕರಣ ಕೇಳಿ. ಪಾರ್ಕಿನ್ಸನ್ ರೋಗಿ ಸೆಲೆಜಿಲಿನ್ ತೆಗೆದುಕೊಳ್ಳುತ್ತಿದ್ದರೆ ಒಂದೇ ಅಣುವಿನ ಎಲ್, ಡಿ ಕನ್ನಡಿ-ರೂಪಗಳನ್ನು ಬೇರ್ಪಡಿಸುವ ಕೈರಲ್ ಪರೀಕ್ಷೆಯೂ ಬೇಕು. ಆ ಮಾತ್ರೆ ದೇಹದಲ್ಲಿ ಎಲ್-ಮೆಥಾಂಫೆಟಮೈನ್ ಆಗುತ್ತದೆ.

ಇಷ್ಟಿದ್ದರೆ ಸಾವು ಎಂಬ ಗಡಿ ಸಂಖ್ಯೆ ಉತ್ತೇಜಕಗಳಿಗಿಲ್ಲ. ರೂಢಿಯಾದವರಲ್ಲಿ ಬದುಕಿದ್ದಾಗಲೇ ಕಾಣುವ ಮಟ್ಟ, ಹೊಸಬರಲ್ಲಿ ಅಥವಾ ಕರೋನರಿ ಕಟ್ಟಿಕೊಂಡವರಲ್ಲಿ ಕೊಲ್ಲಬಹುದು. ಆದ್ದರಿಂದ ಅಂತಿಮ ಅಭಿಪ್ರಾಯದಲ್ಲಿ ಬರೀ ‘ಡ್ರಗ್ ಓವರ್‌ಡೋಸ್’ ಎನ್ನದೆ ಮಾದಕದ ಹೆಸರು, ಫೀಮೊರಲ್ ಪ್ರಮಾಣ, ಅಳೆದ ಮೈಶಾಖ, ಹೃದಯದ ಸ್ಥಿತಿ, ಕೊಕೇನ್ ಜೊತೆ ಮದ್ಯವೂ ಸೇರಿದ್ದರೆ ಅವೆರಡರಿಂದ ದೇಹದಲ್ಲಿ ಹುಟ್ಟುವ ಕೊಕಾಎಥಿಲಿನ್, ಇವನ್ನು ಒಟ್ಟಿಗೆ ಬರೆಯಿರಿ.