ನೀತಿಯ ಪಾಯ ದೇವರಿಂದ ಮನುಷ್ಯನ ಕಡೆಗೆ ಸರಿದದ್ದು: ನಾಲ್ಕು ವಾರದಲ್ಲಿ ಓದಿಸುವ ಬಗೆ

ಮಂಡ್ಯ, ಮೈಸೂರಿನ ಓದುಕೂಟಗಳಲ್ಲಿ ಈ ವಿಷಯವನ್ನು ಇಸವಿಗಳಿಂದ ಶುರು ಮಾಡಬೇಡಿ, ನಾಲೆಯಿಂದ ಮಾಡಿ. ಸರದಿ ತಪ್ಪಿಸಿ ರಾತ್ರಿ ತೂಬು ಎತ್ತಿ ನೀರು ಹರಿಸಿಕೊಳ್ಳುವುದು ಯಾಕೆ ತಪ್ಪು? ಬಂದ ಉತ್ತರಗಳನ್ನೆಲ್ಲ ಬೋರ್ಡಿನ ಮೇಲೆ ಬರೆಯಿರಿ, ಒರೆಸಬೇಡಿ.

"ದೇವರು ಮೆಚ್ಚೋಲ್ಲ" ಎಂಬುದು ಬಂದೇ ಬರುತ್ತದೆ. ಮೊದಲ ವಾರ ಅದಕ್ಕೇ: 13ನೇ ಶತಮಾನದ ಕ್ರೈಸ್ತ ದಾರ್ಶನಿಕ ಅಕ್ವಿನಾಸ್. ದೇವರ ಶಾಶ್ವತ ನಿಯಮದಲ್ಲಿ ಮನುಷ್ಯನ ಬುದ್ಧಿಗೂ ಪಾಲಿದೆ ಎಂದವನು. ಈ ಪಾಲನ್ನು ಬಿಟ್ಟು ಓದಿದರೆ ಮುಂದಿನದೆಲ್ಲ ದಿಢೀರ್ ಬಂಡಾಯದಂತೆ ಕಾಣುತ್ತದೆ.

ಎರಡನೇ ವಾರ ಡಚ್ ಕಾನೂನು ಪಂಡಿತ ಗ್ರೋಶಿಯಸ್, ಅವನ 1625ರ ಪುಸ್ತಕ. ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟರ ಯುದ್ಧಗಳ ಕಾಲ. ಎರಡೂ ಕಡೆಯವರು ಒಪ್ಪುವ ನಿಯಮ ಬೇಕಿತ್ತು. ದೇವರಿಲ್ಲ ಎಂದುಕೊಂಡರೂ ನೈಸರ್ಗಿಕ ಕಾನೂನು (ಮನುಷ್ಯ ಬುದ್ಧಿಯಿಂದಲೇ ಅರಿಯಬಹುದಾದ ನಿಯಮ) ಒಂದು ಮಟ್ಟಿಗೆ ನಿಲ್ಲುತ್ತದೆ ಎಂದ. ಎಡವುವುದು ಇಲ್ಲೇ: ಅವನನ್ನು ನಾಸ್ತಿಕ ಮಾಡಿಬಿಡುತ್ತಾರೆ. ದೇವರಿಲ್ಲ ಎಂದುಕೊಳ್ಳುವುದೇ ಘೋರ ದುಷ್ಟತನ ಎಂಬ ಮಾತೂ ಅಲ್ಲೇ ಇದೆ. ವಾಕ್ಯ ಪೂರ್ತಿ ಓದಿಸಿ.

ಮೂರನೆಯದು ಸ್ಕಾಟ್ಲೆಂಡಿನ ದಾರ್ಶನಿಕ ಹ್ಯೂಮ್, ಅವನ 1740ರ ಪುಸ್ತಕ: ಲೋಕ ಹೀಗೆ 'ಇದೆ' ಎಂಬುದರಿಂದ ನಾವು ಹೀಗೆ 'ಮಾಡಬೇಕು' ಎಂಬುದು ಹುಟ್ಟುವುದು ಹೇಗೆ?

ಕೊನೆಗೆ ಇಬ್ಬರು ದಾರ್ಶನಿಕರ ಪುಸ್ತಕಗಳು: ಜರ್ಮನಿಯ ಕಾಂಟ್ (1785), ಇಂಗ್ಲೆಂಡಿನ ಬೆಂಥಮ್ (1789). ಎಲ್ಲರೂ ತೂಬು ಎತ್ತಿದರೆ ಸರದಿಯೇ ಉಳಿಯದು ಎನ್ನುವುದು ಕಾಂಟ್ ದಾರಿ. ನಾಲೆಯ ಕೊನೆ ಭಾಗದಲ್ಲಿ ಎಷ್ಟು ಗದ್ದೆ ಒಣಗಿತು ಎನ್ನುವುದು ಬೆಂಥಮ್ ಲೆಕ್ಕ. ಕಾಂಟ್ ದೇವರನ್ನು ಹೊರಗಟ್ಟಲಿಲ್ಲ. 1788ರಲ್ಲಿ ದೇವರ ನಂಬಿಕೆಯನ್ನೇ ನೀತಿಯ ಮೇಲೆ ನಿಲ್ಲಿಸಿದ. ಈಗ ಬೋರ್ಡಿನ ಒಂದೊಂದು ಉತ್ತರದ ಪಕ್ಕ ಹೆಸರು ಬರೆಸಿ.