ಸಾಗರದ ರೈಲು, ಕೆಳದಿಯ ಕತ್ತಿ

ಶಿವಮೊಗ್ಗದಿಂದ ಸಾಗರಕ್ಕೆ ರೈಲಿನಲ್ಲಿ ಹೋಗುತ್ತೇನೆ ಎಂದರೆ ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಾರೆ. ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಹಿಂದೆ ಬಸ್ಸು ಓಡುತ್ತಿರುವಾಗ, ದಿನಕ್ಕೆ ಬೆರಳೆಣಿಕೆಯಷ್ಟು ಬರುವ ರೈಲಿಗಾಗಿ ಕಾಯುವುದು ಯಾವ ಜಾಣತನ ಎಂಬುದು ಅವರ ಪ್ರಶ್ನೆ. ಬೇರೆ ಕೆಲಸಕ್ಕಾದರೆ ನಾನೂ ಬಸ್ಸನ್ನೇ ಹತ್ತುತ್ತೇನೆ. ಆದರೆ ಕೆಳದಿ ಅರಸರ ಆಯುಧಗಳನ್ನು ನೋಡಲು ಹೊರಟವರು ಅವರ ರಣರಂಗವನ್ನೂ ನೋಡಬೇಕಲ್ಲ. ಅದು ಇರುವುದು ಕುಂಸಿಯಿಂದ ಆಚೆ, ರೈಲಿನ ಕಿಟಕಿಯ ಹೊರಗೆ.

ಈ ಸಲ ಜೊತೆಗೆ ಬಂದವನು ಅಕ್ಕನ ಮಗ. ಪಿಯುಸಿ ಓದುತ್ತಾನೆ, ಸೇನೆಗೆ ಸೇರುವ ಆಸೆ. "ಚಿಕ್ಕಮ್ಮ, ಅಲ್ಲಿ ಟ್ಯಾಂಕ್ ಇರುತ್ತದೆಯೇ?" ಎಂದು ಮೊದಲೇ ಕೇಳಿದ. ಟ್ಯಾಂಕ್ ಬೇಕಾದರೆ ಮಡಿಕೇರಿಗೆ ಹೋಗಬೇಕು. ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ 'ಸನ್ನಿ ಸೈಡ್' 2021ರಲ್ಲಿ ಯುದ್ಧ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿದೆ. ಆದರೆ ಕೊಡಗಿಗೆ ರೈಲೇ ಇಲ್ಲ, ನಮ್ಮೂರಿನಿಂದ ಒಂದೇ ದಿನದಲ್ಲಿ ಹೋಗಿ ಬರುವ ಮಾತೂ ಅಲ್ಲ. ಹತ್ತಿರದಲ್ಲಿ ನಮಗಿರುವುದು ಕೆಳದಿ. ಟ್ಯಾಂಕ್ ಇಲ್ಲ, ಕತ್ತಿ ಇದೆ ಎಂದೆ. ಮುಖ ಸ್ವಲ್ಪ ಸಪ್ಪೆಯಾದರೂ ಬೆಳಿಗ್ಗೆ ನನಗಿಂತ ಮೊದಲೇ ಸ್ನಾನ ಮುಗಿಸಿ ಕುಳಿತಿದ್ದ.

ತಯಾರಿ ಹೆಚ್ಚೇನಿಲ್ಲ. ಹಿಂದಿನ ದಿನ ಮಾಡಬೇಕಾದದ್ದು ಎರಡೇ ಕೆಲಸ. ಸಾಗರದ ಮೇಲೆ ತಾಳಗುಪ್ಪಕ್ಕೆ ಹೋಗುವ ಮತ್ತು ಸಂಜೆ ಹಿಂತಿರುಗುವ ರೈಲುಗಳ ಸಮಯ ನೋಡಿಕೊಳ್ಳುವುದು ಒಂದು; ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಯಾರೋ ಹೇಳಿದ್ದನ್ನು ನಂಬುವುದಿಲ್ಲ. ಮ್ಯೂಸಿಯಂ ಆ ದಿನ ತೆರೆದಿರುತ್ತದೆಯೇ ಎಂದು ವಿಚಾರಿಸುವುದು ಇನ್ನೊಂದು. ಟಿಕೆಟ್ ಕಾಯ್ದಿರಿಸುವ ಅಗತ್ಯವಿಲ್ಲ, ಸಾಮಾನ್ಯ ದರ್ಜೆ ಸಾಕು. ಹವಾನಿಯಂತ್ರಿತ ಬೋಗಿಯ ಬಣ್ಣದ ಗಾಜಿನ ಹಿಂದೆ ಕುಳಿತು ಮಲೆನಾಡನ್ನು ನೋಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಕೊಡೆ ಮಾತ್ರ ಯಾವ ತಿಂಗಳಾದರೂ ಚೀಲದಲ್ಲಿರಲಿ.

ಕುಂಸಿ ದಾಟಿದ ಮೇಲೆ ಗಾಳಿಯೇ ಬೇರೆ. ಅರಸಾಳಿನಲ್ಲಿ ಎಲ್ಲರೂ ಕಿಟಕಿಗೆ ಬರುತ್ತಾರೆ, ಟಿ.ವಿ. ಪರದೆಯ ಮೇಲೆ ಮಾಲ್ಗುಡಿಯಾಗಿ ಕಂಡ ನಿಲ್ದಾಣವಿದು. ಹಳೆಯ ನಿಲ್ದಾಣದ ಕಟ್ಟಡವನ್ನು ಈಗ ಅದೇ ಹೆಸರಿನ ಪುಟ್ಟ ಮ್ಯೂಸಿಯಂ ಮಾಡಿದ್ದಾರೆ. ಇಳಿದು ನೋಡಿದರೆ ಮುಂದಿನ ರೈಲಿನ ತನಕ ಅಲ್ಲೇ ಉಳಿಯಬೇಕಾದೀತು, ಆದ್ದರಿಂದ ಅದನ್ನು ಕಿಟಕಿಯಿಂದಲೇ ನೋಡಿದೆವು. ಕೆಂಚನಾಲ, ಆನಂದಪುರದ ಕಡೆಗೆ ಹಳಿಯ ಎರಡೂ ಬದಿಗೆ ಹಸಿರು ಒತ್ತಿಕೊಂಡು ಬರುತ್ತದೆ. ಎಲ್ಲವೂ ಹಳೆಯ ಕಾಡು ಎಂದು ಮೋಸಹೋಗಬಾರದು. ಸಾಲು ಹಿಡಿದು ನಿಂತ ಅಕೇಶಿಯಾ ನಮ್ಮ ಕಾಲದ ನೆಡುತೋಪು. ಆಸ್ಟ್ರೇಲಿಯಾ ಮೂಲದ ಆ ಮರವನ್ನು ಕೆಳದಿಯ ರಾಣಿ ಚೆನ್ನಮ್ಮಾಜಿಯ ಸೈನಿಕರು ಕಂಡಿರಲಾರರು. ನೆಡುತೋಪು ಮುಗಿದು ಮರಗಳು ಅಡ್ಡಾದಿಡ್ಡಿ ಬೆಳೆದ, ನೆಲ ಕಾಣದ ತುಂಡು ಬಂದಾಗ ಹುಡುಗನಿಗೆ ತೋರಿಸಿ, "ಇದರೊಳಗೆ ಕುದುರೆ ಸವಾರರನ್ನು, ಫಿರಂಗಿ ಗಾಡಿಗಳನ್ನು ಜುಲೈ ತಿಂಗಳಲ್ಲಿ ನಡೆಸು ನೋಡೋಣ" ಎಂದೆ. ಅವನು ಬಹಳ ಹೊತ್ತು ಹೊರಗೇ ನೋಡುತ್ತಿದ್ದ. ಆಮೇಲೆ, "ಊಟಕ್ಕೆ ಏನು ಮಾಡುತ್ತಿದ್ದರು?" ಎಂದ. ಸೇನೆಗೆ ಸೇರುವ ಹುಡುಗ ಕೇಳಬೇಕಾದ ಪ್ರಶ್ನೆಯೇ.

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ ಪೇಟೆ ಹತ್ತಿರ. ಕಾಗೋಡು ಸತ್ಯಾಗ್ರಹದ ಕಾಲದಲ್ಲಿ, 1951ರಲ್ಲಿ, ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದ ಊರಿದು. ಗೇಣಿದಾರರ ಆ ಹೋರಾಟಕ್ಕೂ ಒಂದು ಮ್ಯೂಸಿಯಂ ಇರಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಕೆಳದಿ ಸಾಗರದಿಂದ ಉತ್ತರಕ್ಕೆ, ಇಕ್ಕೇರಿ ದಕ್ಷಿಣಕ್ಕೆ. ಎರಡೂ ಹತ್ತು ಕಿಲೋಮೀಟರಿನ ಒಳಗೇ ಇವೆ. ಬೆಳಿಗ್ಗೆ ಕೆಳದಿ, ಮಧ್ಯಾಹ್ನ ಸಾಗರದಲ್ಲಿ ಊಟ, ಆಮೇಲೆ ಇಕ್ಕೇರಿ ಎಂದಿಟ್ಟುಕೊಂಡರೆ ಓಡಾಟ ಸಲೀಸು. ಆಟೋದವರೊಡನೆ ಹೋಗಿಬರುವ ಬಾಡಿಗೆಯನ್ನೂ ಕಾಯುವ ಹೊತ್ತನ್ನೂ ಸೇರಿಸಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ನಮಗೆ ಸಿಕ್ಕ ಆಟೋದವರು ದಾರಿಯುದ್ದಕ್ಕೂ ಅಡಿಕೆಗೆ ಬಂದ ಎಲೆಚುಕ್ಕಿ ರೋಗದ ವಿಷಯವನ್ನೇ ಹೇಳಿದರು.

ಕೆಳದಿಯ ವಸ್ತುಸಂಗ್ರಹಾಲಯ ಇತಿಹಾಸಕಾರ ಕೆಳದಿ ಗುಂಡಾಜೋಯಿಸರ ಬದುಕಿನ ದುಡಿಮೆ. ಮನೆ ಮನೆ ಅಲೆದು ಕೂಡಿಹಾಕಿದ ತಾಳೆಗರಿ, ತಾಮ್ರಪಟ, ನಾಣ್ಯ, ಮೋಡಿ ಎಂಬ ಹಳೆಯ ಕೂಡುಬರಹದ ಲಿಪಿಯ ಕಾಗದಗಳು ಅಲ್ಲಿವೆ. ಜೊತೆಗೆ ಕೆಳದಿ ಅರಸರ ಕಾಲದ ಆಯುಧಗಳು. ಈಗ ಅದು ಕುವೆಂಪು ವಿಶ್ವವಿದ್ಯಾಲಯದ ಆಡಳಿತದಲ್ಲಿದೆ. ದೊಡ್ಡ ನಗರದ ಮ್ಯೂಸಿಯಮ್ಮಿನ ಬೆಳಕು, ಧ್ವನಿ, ಪರದೆ ಯಾವುದನ್ನೂ ನಿರೀಕ್ಷಿಸಬಾರದು. ನಿಧಾನವಾಗಿ ನೋಡುವವರಿಗೆ ಅದರಿಂದ ಅನುಕೂಲವೇ ಹೆಚ್ಚು.

ಹುಡುಗ ನೇರವಾಗಿ ಕತ್ತಿಗಳ ಮುಂದೆ ಹೋಗಿ ನಿಂತ. ಅಲಗಿನ ಉದ್ದವನ್ನೇ ನೋಡುತ್ತಿದ್ದವನಿಗೆ ಹಿಡಿಯನ್ನು ನೋಡು ಎಂದೆ. ಹಿಡಿ ಎಷ್ಟು ಗಿಡ್ಡ! ತನ್ನ ಮುಷ್ಟಿಯನ್ನು ಹತ್ತಿರ ಹಿಡಿದು ಅಳೆದ; ಹೆಬ್ಬೆರಳು ಬಿಟ್ಟು ನಾಲ್ಕು ಬೆರಳೂ ಸರಿಯಾಗಿ ಕೂರುವಂತಿಲ್ಲ. ಹಿಂದಿನವರೆಲ್ಲ ಆಳೆತ್ತರದ ಭೀಮರು ಎಂದು ನಾಟಕಗಳಲ್ಲಿ ನೋಡಿ ಬೆಳೆದವನಿಗೆ ಅದು ಆಶ್ಚರ್ಯ. ಕೈ ಅಲುಗದಂತೆ ಬಿಗಿಯಾಗಿ ಕೂರಲಿ ಎಂದೇ ನಮ್ಮ ದೇಶದ ಕತ್ತಿಗಳಿಗೆ ಇಂಥ ಇಕ್ಕಟ್ಟಿನ ಹಿಡಿ. ಹಿಡಿಯ ತುದಿಯ ಬಿಲ್ಲೆ ಮಣಿಕಟ್ಟಿಗೆ ತಾಗುವುದರಿಂದ ಇರಿಯುವುದಕ್ಕಿಂತ ಕೊಚ್ಚುವುದಕ್ಕೆ ಅದು ಹೇಳಿಮಾಡಿಸಿದ್ದು.

ಆದರೂ ನನ್ನ ಮಟ್ಟಿಗೆ ಅಲ್ಲಿನ ನಿಜವಾದ ಆಯುಧಗಳು ನಾಣ್ಯ ಮತ್ತು ಕಾಗದ; ಸೈನ್ಯವನ್ನು ಸಾಕಿದ್ದು ದುಡ್ಡು ಮತ್ತು ಕಂದಾಯದ ಲೆಕ್ಕ. ಹತ್ತಿರದಲ್ಲೇ ಇರುವ ರಾಮೇಶ್ವರ, ವೀರಭದ್ರ ಗುಡಿಗಳಿಗೆ ಹೋದಾಗ ಇದನ್ನು ಹುಡುಗನಿಗೆ ಹೇಳಲು ನೋಡಿದೆ. ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ, ಕತ್ತು ನೋಯುವಷ್ಟು ಹೊತ್ತು ನೋಡಬಹುದು. ಹೊರಗಿನ ಧ್ವಜಸ್ತಂಭದ ಬುಡದ ಕೆತ್ತನೆಯನ್ನು ಚೆನ್ನಮ್ಮಾಜಿ ಶಿವಾಜಿಯ ಮಗ ರಾಜಾರಾಮನನ್ನು ಬರಮಾಡಿಕೊಂಡ ದೃಶ್ಯವೆಂದು ಊರಿನವರು ತೋರಿಸುತ್ತಾರೆ. 1689ರಲ್ಲಿ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ರಾಜಾರಾಮ ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆಗೆ ಹೊರಟಿದ್ದ. ಅವನಿಗೆ ಚೆನ್ನಮ್ಮಾಜಿ ಆಶ್ರಯ ಕೊಟ್ಟು ಮುಂದಕ್ಕೆ ಸಾಗಿಸಿದಳು. ಬಾದಶಹನ ಸೈನ್ಯ ಹಿಂದೆಯೇ ಬಂತು. ಬಂದ ಸೈನ್ಯ ಈ ಮಳೆಯಲ್ಲಿ, ಈ ಕಾಡಿನಲ್ಲಿ ಸಿಕ್ಕಿ ಒದ್ದಾಡಿತು, ಕೊನೆಗೆ ಸಂಧಿಯಾಯಿತು. ಬೆಳಿಗ್ಗೆ ರೈಲಿನಲ್ಲಿ ಕಾಡು ನೋಡಿ ಬಂದವನಿಗೆ ಈ ಕಥೆಯನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ಊಟದ ವಿಷಯದಲ್ಲಿ ಒಂದೇ ಮಾತು: ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸುವ ಹೋಟೆಲನ್ನು ಹುಡುಕಿ.

ಇಕ್ಕೇರಿಯಲ್ಲಿ ಮ್ಯೂಸಿಯಂ ಇಲ್ಲ. ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಉಳಿದಿರುವುದು ಹೆಚ್ಚುಕಡಿಮೆ ಅಘೋರೇಶ್ವರ ದೇವಸ್ಥಾನ ಮಾತ್ರ. ಮೂರು ಸುತ್ತಿನ ಕೋಟೆ, ಅದರೊಳಗೆ ಮಣ್ಣು ಮತ್ತು ಮರದ ಅರಮನೆ ಇತ್ತು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆ 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಬಂದದ್ದು ಇಲ್ಲಿಗೇ. 1637ರಲ್ಲಿ ಬಿಜಾಪುರದ ರಣದುಲ್ಲಾಖಾನ್ ಊರನ್ನು ಸೂರೆಮಾಡಿದ. ನಾಯಕರು ರಾಜಧಾನಿಯನ್ನು ಇನ್ನೂ ಒಳಗೆ, ಘಟ್ಟದಂಚಿನ ಬಿದನೂರಿಗೆ ಒಯ್ದರು. ಕೆಳದಿಯಿಂದ ಇಕ್ಕೇರಿ, ಇಕ್ಕೇರಿಯಿಂದ ಬಿದನೂರು: ಶತ್ರು ಹತ್ತಿರ ಬಂದಷ್ಟೂ ಕಾಡಿನೊಳಕ್ಕೆ ಸರಿಯುವುದೇ ಇವರ ಯುದ್ಧನೀತಿ.

ದೇವಸ್ಥಾನದ ಒಳಗೆ ನೆಲ ನೋಡಿಕೊಂಡು ನಡೆಯಬೇಕು. ಗರ್ಭಗುಡಿಯ ಎದುರು ನೆಲದ ಕಲ್ಲಿನಲ್ಲಿ ಕೆಳದಿಯ ಮೂವರು ಅರಸರು ಅಡ್ಡಬಿದ್ದಂತೆ ಕೆತ್ತಿದ್ದಾರೆ, ತಲೆಯ ಮೇಲೆ ಹೆಸರು. ಅವರಲ್ಲಿ ಒಬ್ಬನ ಕೈಕಾಲಿಗೆ ಸಂಕೋಲೆ. ಹುಚ್ಚ ಸೋಮಶೇಖರ ಎಂದು ಗೆಜೆಟಿಯರ್ ಅವನನ್ನು ಗುರುತಿಸುತ್ತದೆ. ಗೆದ್ದ ಯುದ್ಧಗಳನ್ನು ಬಿಟ್ಟು ಸಂಕೋಲೆಯನ್ನು ಕಡೆಸಿದ ಅರಸು ಮನೆತನ ಬೇರೆ ಎಲ್ಲಿದೆಯೋ ನಾನು ಕಾಣೆ. ಕಾಲು ಉರಿಯುತ್ತಿದ್ದರೂ ನಾನು ಅಲ್ಲಿಂದ ಬೇಗ ಕದಲಲಿಲ್ಲ.

ಇನ್ನೊಂದು ಸಂಗತಿ ನಡುಗಂಬಗಳದು. ಅವುಗಳ ನಡುವಿನ ಅಂತರವನ್ನೇ ತೋಟದ ಜಮೀನಿನ ಅಳತೆಗೋಲಾಗಿ ಬಳಸುತ್ತಿದ್ದರಂತೆ, 18 ಅಡಿ 6 ಅಂಗುಲ. ಶಿವಪ್ಪನಾಯಕನ ಶಿಸ್ತು ಎಂದು ನಮ್ಮಲ್ಲಿ ಈಗಲೂ ಕರೆಯುವ ಕಂದಾಯದ ಲೆಕ್ಕ ನಿಂತದ್ದು ಇಂಥ ಅಳತೆಯ ಮೇಲೆ. 1645ರಿಂದ 1660ರವರೆಗೆ ಆಳಿದ ಆತ ಪೋರ್ಚುಗೀಸರಿಂದ ಹೊನ್ನಾವರ, ಕುಂದಾಪುರ, ಮಂಗಳೂರಿನ ಕೋಟೆಗಳನ್ನು ಕಿತ್ತುಕೊಂಡ. ಆ ಸೈನ್ಯದ ಸಂಬಳ ಬಂದದ್ದು ಅಡಿಕೆ, ಮೆಣಸು, ಭತ್ತದಿಂದ. ಹುಡುಗ ಒಂದು ಕಂಬದಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ಅಳೆದು, "ನಮ್ಮ ಅಜ್ಜನ ತೋಟದಲ್ಲಿ ಮರಗಳು ಇಷ್ಟು ದೂರ ಇಲ್ಲವಲ್ಲ" ಎಂದ. ಇಲ್ಲ, ಈಗ ಒತ್ತಾಗಿಯೇ ಹಾಕುತ್ತಾರೆ.

ಸಂಜೆಯ ರೈಲಿಗೆ ಅರ್ಧ ಗಂಟೆ ಮೊದಲೇ ನಿಲ್ದಾಣ ಸೇರುವುದು ಕ್ಷೇಮ. ತಪ್ಪಿದರೂ ಗಾಬರಿಯಿಲ್ಲ, ಶಿವಮೊಗ್ಗದ ಬಸ್ಸು ಇದ್ದೇ ಇರುತ್ತದೆ. ನಮ್ಮ ರೈಲು ಸ್ವಲ್ಪ ತಡವಾಗಿ ಬಂತು, ಕಾಯುವಾಗ ಉಳಿದ ಕಥೆ ಮುಗಿಯಿತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದದ್ದು ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ತೋರಿಸಿದ ಗುಟ್ಟಿನ ದಾರಿಯಿಂದ. ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿ ಹಚ್ಚಿಸಿ ಬಲ್ಲಾಳರಾಯನ ದುರ್ಗಕ್ಕೆ ಹೋದಳು, ಕೊನೆಗೆ ಸೆರೆಸಿಕ್ಕಳು. "ಹಾಗಾದರೆ ಕಾಡು ಸೋಲಲಿಲ್ಲ, ದಾರಿ ಗೊತ್ತಿದ್ದವನು ಹೇಳಿಬಿಟ್ಟ" ಎಂದ ಹುಡುಗ. ಶಿವಮೊಗ್ಗದಲ್ಲಿ ನಾವು ಶಿವಪ್ಪನಾಯಕನ ಅರಮನೆ ಎನ್ನುವ ಬೀಟೆ ಮರದ ಕಟ್ಟಡವನ್ನು ಕಟ್ಟಿಸಿದವನೂ ಹೈದರನೇ ಎನ್ನುತ್ತಾರೆ ಎಂದಾಗ ಅವನು ನಂಬಲಿಲ್ಲ. ನಾಳೆಯೇ ಹೋಗಿ ಅಲ್ಲಿ ಕೇಳುತ್ತೇನೆ ಎಂದಿದ್ದಾನೆ.

ಬಿದನೂರು, ಅಂದರೆ ಈಗ 'ನಗರ' ಎಂಬ ಹೆಸರಿನ ಊರು, ಇನ್ನೂ ನೋಡಬೇಕಾದ್ದು ಉಳಿದಿದೆ. ಅಲ್ಲಿಗೆ ಮಾತ್ರ ರೈಲಿಲ್ಲ. ಹೊಸನಗರದ ಬಸ್ಸು ಹಿಡಿಯಬೇಕು, ಕೋಟೆ ಹತ್ತಿ ಇಳಿಯಲು ಬೇರೆಯೇ ಒಂದು ದಿನ ಬೇಕು.